ರಾತ್ರಿ ಪಾಳಿ

ಈ ಬರಹದ ಕೆಳಗೆ ನಮ್ಮ ಹೆಸರು ಹಾಕಬೇಡಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇವೆ. ನಮ್ಮ ಮಗ ಈಗ ಜೂನಿಯರ್ ಕಾಲೇಜಿಗೆ ಹೋಗುವ ವಯಸ್ಸಿನವನು. ಈ ಪತ್ರಿಕೆ ಅವನ ಗೆಳೆಯರ ಮನೆಗಳಿಗೂ ಹೋಗುತ್ತದೆ. ಅಷ್ಟೇ ಕಾರಣ. ಗಂಡ ಹೆಂಡತಿ ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತು ಇದನ್ನು ಬರೆದಿದ್ದೇವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆದುಹಾಕಿದ್ದೂ ಉಂಟು. ಆದ್ದರಿಂದ ‘ನಾವು’ ಎಂದೇ ಹೇಳುತ್ತೇವೆ. ಬೇರೆ ಬೇರೆಯಾಗಿ ಹೇಳಬೇಕಾದಲ್ಲಿ ಗಂಡ, ಹೆಂಡತಿ ಎನ್ನುತ್ತೇವೆ.

ಕಳೆದ ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆ ಹಾದಿ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಹೆಂಡತಿಯನ್ನು ಗುಡಿಯ ಹಿಂದಿನ ನಲ್ಲಿಯ ಹತ್ತಿರ ಕರೆದಳು. ಅವಳಿಗೂ ರಕ್ತದ ಕ್ಯಾನ್ಸರ್, ದಿನವೂ ಗುಳಿಗೆ ನುಂಗುವ ಬಗೆಯದು. ಕೂದಲಿನ ಬಗ್ಗೆ ಕೇಳಿದಳು. ಊಟದ ಬಗ್ಗೆ ಕೇಳಿದಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಅಕ್ಕಾರ, ನಿಮಗ... ಮನಿಯವರ ಜೋಡಿ... ಹ್ಯಾಂಗ?” ಎಂದು ನಿಲ್ಲಿಸಿಬಿಟ್ಟಳು. ಆ ಪ್ರಶ್ನೆ ಅಲ್ಲಿಗೇ ನಿಂತಿತು. ಅದೇ ಪ್ರಶ್ನೆ ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಹಾಗೆಯೇ ಅರ್ಧಕ್ಕೆ ನಿಂತಿತ್ತು.

ನಾವಿರುವುದು ಇಚಲಕರಂಜಿಯಲ್ಲಿ. ಹೆಂಡತಿಯ ತವರು ಗಡಹಿಂಗ್ಲಜ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಗಂಡ ಪವರ್‌ಲೂಮಿನಲ್ಲಿ ಕೆಲಸ ಮಾಡುತ್ತಾನೆ. 2007ರಲ್ಲಿ ಮದುವೆ, 2009ರಲ್ಲಿ ಮಗ. ಇನ್ನೊಂದು ಮಗುವಿನ ಆಸೆ ಇತ್ತು. ಮನೆ ಕಟ್ಟಿದ ಮೇಲೆ ನೋಡೋಣ ಎಂದು ಮುಂದೂಡುತ್ತಾ ಬಂದೆವು.

2017ರ ಮಳೆಗಾಲದಲ್ಲಿ ಹೆಂಡತಿಗೆ ಮುಟ್ಟು ಬಂದದ್ದು ನಿಲ್ಲಲಿಲ್ಲ. ಹತ್ತು ದಿನ, ಹದಿನೈದು ದಿನ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ, ತೊಡೆಯ ಮೇಲೆ ಏಟು ಬಿದ್ದವರಂತೆ ನೀಲಿ ಕಲೆಗಳು. ಗರ್ಭಕೋಶದ ತೊಂದರೆ ಎಂದುಕೊಂಡು ಕಷಾಯ ಕುಡಿಸಿದೆವು. ರಕ್ತಪರೀಕ್ಷೆ ಮಾಡಿಸಿದಾಗ, ಒಂದೂವರೆ ಲಕ್ಷಕ್ಕಿಂತ ಹೆಚ್ಚು ಇರಬೇಕಾದ ಪ್ಲೇಟ್‌ಲೆಟ್ ಹನ್ನೊಂದು ಸಾವಿರಕ್ಕೆ ಇಳಿದಿತ್ತು. ಕೊಲ್ಹಾಪುರದಲ್ಲಿ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಿ, ತೀವ್ರ ಬಗೆಯ ರಕ್ತದ ಕ್ಯಾನ್ಸರ್ ಎಂದರು. ಮೂರನೆಯ ದಿನವೇ ಕಿಮೋ ಶುರುವಾಯಿತು. ಇಂಥ ಕಾಯಿಲೆಯಲ್ಲಿ ಯೋಚಿಸುವುದಕ್ಕೆ ವಾರವೂ ಸಿಗುವುದಿಲ್ಲ. ಮುಂದೆ ಮಕ್ಕಳಾಗುವ ಮಾತನ್ನು ಆಗ ಯಾರೂ ಎತ್ತಲಿಲ್ಲ. ಎತ್ತಿದ್ದರೂ ನಮಗೆ ಕೇಳಿಸುತ್ತಿತ್ತೋ ಇಲ್ಲವೋ. ಮುಟ್ಟು ನಿಲ್ಲಲು ಮಾತ್ರ ಒಂದು ಗುಳಿಗೆ ಕೊಟ್ಟರು. ಅಂದು ನಿಂತ ಮುಟ್ಟು ಮತ್ತೆ ಬರಲೇ ಇಲ್ಲ.

ಖರ್ಚಿನ ಕಥೆ ಬೇರೆಯೇ ಒಂದು ಪುರಾಣ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಸ್ವಲ್ಪ ಭಾರ ಹೊತ್ತಿತು, ಹೆಂಡತಿಯ ಅಣ್ಣ ಹೊಲ ಅಡವಿಟ್ಟ, ಊರ ಜನ ಕೈಹಿಡಿದರು. ಮಗ್ಗದ ಹುಡುಗರು ಸರದಿ ಹಚ್ಚಿ ರಕ್ತ ಕೊಟ್ಟರು. ಈ ಹುಡುಗರ ಮಾತು ಮುಂದೆ ಮತ್ತೆ ಬರುತ್ತದೆ.

2018ರ ಆರಂಭದಲ್ಲಿ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮಜ್ಜೆ ಕಸಿ ಆಯಿತು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅಣ್ಣನದು ಹೊಂದಲಿಲ್ಲ, ತಂಗಿಯದು ಹೊಂದಿತು. ಭಾರತದಲ್ಲಿ ಮೊದಲ ಮಜ್ಜೆ ಕಸಿ ನಡೆದದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, 1983ರಲ್ಲಿ. ಅದಾದ ಮೂವತ್ತೈದು ವರ್ಷಕ್ಕೆ ನಮ್ಮಂಥವರ ಪಾಲಿಗೂ ಅದು ಬಂತು ಎಂದು ದೇವರಿಗೆ ಸ್ತೋತ್ರ ಹೇಳಿದೆವು. ಕಸಿಗೆ ಮುಂಚೆ ಹಳೆಯ ಮಜ್ಜೆಯನ್ನು ಸುಟ್ಟುಹಾಕುವಂಥ ಬಲವಾದ ಔಷಧ ಕೊಡುತ್ತಾರೆ. ಅದು ಮಜ್ಜೆಯ ಜೊತೆ ಅಂಡಾಶಯಗಳನ್ನೂ ಒಣಗಿಸಿಬಿಡಬಲ್ಲದು. ಹೆಂಡತಿಗೆ ಆಗ ಮೂವತ್ತಮೂರು ವರ್ಷ. ಆಸ್ಪತ್ರೆಯ ಹಾಸಿಗೆಯಲ್ಲೇ ಅವಳ ಒಳಗಿನ ಋತು ಐವತ್ತು ದಾಟಿದ ಹೆಂಗಸಿನದಾಯಿತು.

ಮನೆಗೆ ಕಳಿಸುವಾಗ ದಪ್ಪನೆಯ ಕಡತ ಕೊಟ್ಟರು. ನೀರು ಕುದಿಸಿ ಕುಡಿಯಿರಿ, ಹಸಿ ಕೋಸಂಬರಿ ಬೇಡ, ಗುಂಪಿಗೆ ಹೋಗಬೇಡಿ, ಕೋಳಿ ಸಾಕಬೇಡಿ. ನಾವೂ ಕೇಳಿದ್ದೇ ಕೇಳಿದ್ದು: ಮೊಸರು ತಿನ್ನಬಹುದೇ? ಪರಮಪ್ರಸಾದ ಸ್ವೀಕರಿಸಬಹುದೇ? ಬಸ್ಸಿನಲ್ಲಿ ಹೋಗಬಹುದೇ? ಎಲ್ಲಕ್ಕೂ ಉತ್ತರ ಸಿಕ್ಕಿತು. ಗಂಡ ಹೆಂಡತಿ ಒಂದೇ ಹಾಸಿಗೆಯಲ್ಲಿ ಮಲಗಬಹುದೇ ಎಂಬುದನ್ನು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಕಡತದಲ್ಲಿ ಕೋಳಿಗೆ ಒಂದು ಸಾಲು ಇತ್ತು, ನಮ್ಮಿಬ್ಬರಿಗೆ ಇರಲಿಲ್ಲ.

ಸುಮಾರು ವರ್ಷವಾದ ಮೇಲೆ ಒಂದು ರಾತ್ರಿ ಹತ್ತಿರವಾದೆವು. ಹೆಂಡತಿಗೆ ಮೆಣಸಿನಪುಡಿ ಸವರಿದಂಥ ಉರಿ. ಹಲ್ಲು ಕಚ್ಚಿ ಸುಮ್ಮನಿದ್ದಳು. ಬೆಳಿಗ್ಗೆ ನೋಡಿದರೆ ರಕ್ತ. ರಕ್ತ ಕಂಡದ್ದೇ ಇಬ್ಬರ ಎದೆಯೂ ಧಸಕ್ಕೆಂದಿತು, ಕಾಯಿಲೆ ಮರಳಿತು ಎಂದು. ಹಿಂದಿನ ಸಲವೂ ಹೀಗೆಯೇ ಶುರುವಾಗಿತ್ತಲ್ಲ. ಅಂದೇ ಕೊಲ್ಹಾಪುರಕ್ಕೆ ಓಡಿದೆವು. ಏನಾಯಿತು ಎಂದು ಡಾಕ್ಟರು ಕೇಳಿದಾಗ ಗಂಡ, “ಮೂಗಿನಿಂದ ರಕ್ತ ಬಂತು” ಎಂದ. ಪಾಪ, ಅವರು ಟಾರ್ಚ್ ಹಾಕಿ ಮೂಗನ್ನೇ ನೋಡಿದರು. ರಕ್ತದ ಲೆಕ್ಕ ಸರಿಯಾಗಿಯೇ ಬಂತು. ಬಸ್ಸಿನಲ್ಲಿ ಮನೆಗೆ ಬರುವಾಗ ಇಬ್ಬರೂ ಮಾತಾಡಲಿಲ್ಲ.

ಮರುವಾರ ಗಂಡ ಮಾಲಕರನ್ನು ಕೇಳಿ ಕಾಯಂ ರಾತ್ರಿ ಪಾಳಿ ಹಾಕಿಸಿಕೊಂಡ. ಸಂಜೆ ಎಂಟರಿಂದ ಬೆಳಿಗ್ಗೆ ಎಂಟು. ನಮ್ಮೂರಿನ ಮರಾಠಿಯಲ್ಲಿ ಪಾಳಿ ಎಂದರೆ ಮಗ್ಗದ ಸರದಿಯೂ ಹೌದು, ಹೆಂಗಸರ ಮುಟ್ಟೂ ಹೌದು. ಒಬ್ಬರ ಪಾಳಿ ನಿಂತಿತು, ಇನ್ನೊಬ್ಬರ ಪಾಳಿ ಬದಲಾಯಿತು. ತಾನು ಮನೆಯಲ್ಲಿದ್ದರೆ ಅವಳಿಗೆ ಅಂಜಿಕೆ, ಇಲ್ಲದಿದ್ದರೆ ನೆಮ್ಮದಿ ಎಂಬುದು ಗಂಡನ ಲೆಕ್ಕ. ಬೋಳುತಲೆ, ಉಬ್ಬಿದ ಮುಖ, ಕಪ್ಪಾದ ಉಗುರು ಕಂಡು ಇವರಿಗೆ ನಾನು ಬೇಡವಾದೆ ಎಂಬುದು ಹೆಂಡತಿಯ ಲೆಕ್ಕ. ಕೂದಲು ಬಂದು, ಮುಖ ಇಳಿದು ಮೊದಲಿನಂತಾದರೂ ಆ ಲೆಕ್ಕವನ್ನು ಅವಳು ಅಳಿಸಲಿಲ್ಲ. ಅತ್ತೆ ಮಾತ್ರ ನೆರೆಯವರ ಮುಂದೆ, “ನನ್ನ ಮಗ ಹೆಂಡತಿ ಸಾಲ ತೀರ್ಸಾಕ ಹಗಲೂ ರಾತ್ರಿ ದುಡೀತಾನ” ಎಂದು ಹೊಗಳುತ್ತಿದ್ದರು.

ಇದಲ್ಲದೆ ಇನ್ನೊಂದು ವಿಚಿತ್ರ ಸಂಗತಿ ಹೆಂಡತಿಯ ಮನಸ್ಸಿನಲ್ಲಿ ಕುಳಿತಿತ್ತು. ಕಸಿಯ ನಂತರ ರಕ್ತದ ಗುಂಪು ಕೊಟ್ಟವರದೇ ಆಗುತ್ತದೆ. ಅವಳದು ಬಿ ಇದ್ದದ್ದು ತಂಗಿಯ ಓ ಆಯಿತು. ಗಡಹಿಂಗ್ಲಜದಲ್ಲಿ ಒಂದು ಮದುವೆ ಊಟದಲ್ಲಿ ದೂರದ ನೆಂಟರೊಬ್ಬರು, “ಈಗ ಇವಳ ಮೈಯಾಗ ಓಡೋದು ತಂಗಿ ರಕ್ತ” ಎಂದು ನಗುತ್ತಾ ಹೇಳಿದರು. ಅವರು ಹೇಳಿ ಮರೆತರು, ಇವಳು ಮರೆಯಲಿಲ್ಲ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಇಚಲಕರಂಜಿಯ ಮಗ್ಗಗಳು ನಿಂತವು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೆ ಅದಿಲ್ಲದೆ ನಿದ್ದೆ ಬರುವುದಿಲ್ಲ. ರಾತ್ರಿ ಪಾಳಿಯೂ ಇಲ್ಲ, ಓಡಿಹೋಗಲು ಜಾಗವೂ ಇಲ್ಲ. ಪಾಸ್ಕ ಹಬ್ಬಕ್ಕೂ ಗುಡಿಯ ಬಾಗಿಲು ತೆರೆಯದ ಆ ದಿನಗಳಲ್ಲಿ ಒಂದು ರಾತ್ರಿ ಹೆಂಡತಿ ಕತ್ತಲಲ್ಲಿ ಕೇಳಿದಳು:

“ರೀ, ನಿದ್ದಿ ಹತ್ತಿತೇನ್ರಿ?”

“ಇಲ್ಲ.”

“ನಾ ನಿಮಗ ಬ್ಯಾಡಾಗೀನಿ ಏನ್ರಿ?”

ಗಂಡ ಎದ್ದು ಕುಳಿತ. “ಹುಚ್ಚಿ, ನಿನಗ ನೋವಾಗತೈತಿ ಅಂತ ನಾ ದೂರ ಇದ್ದೆ. ನನಗೂ ಅಂಜಿಕಿ ಆಗಿತ್ತು. ಆ ರಕ್ತ ನೋಡಿದಾಗಿಂದ ನನ್ನ ಮೈಯೂ ಮಾತು ಕೇಳವಲ್ದು.”

ಗಂಡಸಿಗೂ ಹೀಗಾಗುತ್ತದೆ ಎಂದು ಹೆಂಡತಿಗೆ ಗೊತ್ತಿರಲಿಲ್ಲ. ತಂಗಿಯ ರಕ್ತದ ಮಾತನ್ನೂ ಅಂದೇ ಹೇಳಿಬಿಟ್ಟಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಿಮೋ ಟೈಮಿನ್ಯಾಗ ನಮ್ಮ ಮಗ್ಗದ ಹದಿನಾರು ಹುಡುಗರು ನಿನಗ ರಕ್ತ ಕೊಟ್ಟಾರ. ಹಂಗ ನೋಡಿದರ ನೀ ಅರ್ಧ ಕಾರ್ಖಾನಿ ಆಗಬೇಕಿತ್ತು” ಎಂದ. ಎಷ್ಟೋ ದಿನಗಳ ಮೇಲೆ ಆ ಕೋಣೆಯಲ್ಲಿ ನಗು ಕೇಳಿಸಿತು.

ಆದರೆ ಮಾತಿನಿಂದ ಗಾಯ ಮಾಯುವುದಿಲ್ಲ. ಅದಕ್ಕೆ ಡಾಕ್ಟರೇ ಬೇಕಾಯಿತು. ಹೆಂಡತಿಗೆ ಮೇಲಿಂದ ಮೇಲೆ ಉರಿಮೂತ್ರ ಆಗುತ್ತಿತ್ತು. ಆ ನೆಪದಿಂದ 2021ರಲ್ಲಿ ಕೊಲ್ಹಾಪುರದ ಒಬ್ಬ ಸ್ತ್ರೀರೋಗ ತಜ್ಞೆಯ ಬಳಿಗೆ ಹೋದೆವು. ಅವರು ಕಡತವನ್ನು ಪೂರ್ತಿ ಓದಿ, ಕನ್ನಡಕ ತೆಗೆದು, ಮರಾಠಿಯಲ್ಲಿ ನೇರವಾಗಿ ಕೇಳಿದರು, “ಗಂಡ ಹೆಂಡತಿ ಸಂಬಂಧ ಹೇಗಿದೆ? ನೋವಾಗುತ್ತದೆಯೇ?” ನಾಲ್ಕು ವರ್ಷಗಳಲ್ಲಿ ಹಾಗೆ ಕೇಳಿದ ಮೊದಲ ಮನುಷ್ಯರು ಅವರು. ಹೆಂಡತಿ ಉತ್ತರ ಹೇಳುವ ಮೊದಲೇ ಅತ್ತುಬಿಟ್ಟಳು.

ಅವರು ಮೊದಲು ಬಾಯಿ ತೆರೆಸಿ ನೋಡಿದರು. ಕೆನ್ನೆಯ ಒಳಮೈಯಲ್ಲಿ ಬಲೆ ನೇಯ್ದಂತೆ ಬಿಳಿ ಗೆರೆಗಳಿದ್ದವು. ಕಸಿಯಾದಾಗಿನಿಂದ ಅವಳಿಗೆ ಖಾರ ತಾಗುತ್ತಿರಲಿಲ್ಲ. ಗಡಹಿಂಗ್ಲಜದ ಹೆಣ್ಣುಮಗಳು, ಪೇಟೆಯಲ್ಲಿ ಕೆಂಪು ಮೆಣಸಿನಕಾಯಿಯ ರಾಶಿಗಳ ನಡುವೆ ಓಡಾಡಿ ಬೆಳೆದವಳು, ಮೊಸರನ್ನ ಉಂಡು ಕಣ್ಣೀರು ಹಾಕುವಂತಾಗಿತ್ತು. ಕಸಿ ಮಾಡಿದ ಮಜ್ಜೆಯಿಂದ ಹುಟ್ಟಿದ ರಕ್ಷಣಾ ಕಣಗಳು ಹೊಸ ಮೈಯನ್ನು ಪರಕೀಯ ಎಂದು ತಿಳಿದು ಮೆತ್ತನೆಯ ಚರ್ಮಗಳ ಮೇಲೆ ಜಗಳಕ್ಕೆ ಬೀಳುವುದುಂಟು ಎಂದು ಡಾಕ್ಟರು ವಿವರಿಸಿದರು. ಬಾಯಿ, ಕಣ್ಣು, ಮೈಚರ್ಮ ಎಲ್ಲ ಕಡೆಯೂ ಅದನ್ನು ಹುಡುಕುತ್ತಾರೆ. ಯೋನಿಯಲ್ಲೂ ಅದು ಆಗುತ್ತದೆ, ಅಲ್ಲಿ ಮಾತ್ರ ಯಾರೂ ನೋಡುವುದಿಲ್ಲ. ಈ ಪದವನ್ನು ಬರೆಯುವುದೋ ಬೇಡವೋ ಎಂದು ನಮ್ಮಲ್ಲಿ ಚರ್ಚೆಯಾಯಿತು. ಡಾಕ್ಟರರ ಬಾಯಲ್ಲಿ ಅದು ಕಿವಿ, ಗಂಟಲು ಇದ್ದಂತೆ ಒಂದು ಅಂಗದ ಹೆಸರು; ಹಾಗೆಯೇ ಬರೆದಿದ್ದೇವೆ.

ಪರೀಕ್ಷೆ ಮಾಡಿ ನೋಡಿದಾಗ ತೊಂದರೆ ಎರಡು ಬಗೆಯದಾಗಿತ್ತು. ಅಂಡಾಶಯ ನಿಂತದ್ದರಿಂದ ಈಸ್ಟ್ರೋಜನ್ ಎಂಬ ಹಾರ್ಮೋನು ಇಲ್ಲದೆ ಒಳಚರ್ಮ ತೆಳುವಾಗಿ ಒಣಗಿತ್ತು. ಮತ್ತೆ ಮತ್ತೆ ಬರುವ ಉರಿಮೂತ್ರಕ್ಕೂ ಅದೇ ಮೂಲ. ಜೊತೆಗೆ ಮಜ್ಜೆಯ ಜಗಳದಿಂದ ಗಾಯವಾಗಿ, ಮಾಯುವಾಗ ಅಂಟಿಕೊಂಡು ದಾರಿ ಕಿರಿದಾಗಿತ್ತು. ಹಾಗೆಯೇ ಬಿಟ್ಟರೆ ಪೂರ್ತಿ ಮುಚ್ಚಿಕೊಳ್ಳುವುದೂ ಉಂಟಂತೆ. “ಇದು ನಿಮ್ಮ ಮನಸ್ಸಿನ ದೋಷವಲ್ಲ, ಗಂಡನ ಮೇಲಿನ ಪ್ರೀತಿ ಕಡಿಮೆಯಾದದ್ದೂ ಅಲ್ಲ. ಔಷಧ ಮಾಡಿದ ಗಾಯ, ಔಷಧವೇ ಗುಣ ಮಾಡಬೇಕು” ಎಂದರು. ಗಂಡನನ್ನೂ ಒಳಗೆ ಕರೆದು, ಚಿತ್ರ ಬರೆದು, ಮತ್ತೆ ಮೊದಲಿನಿಂದ ಹೇಳಿದರು.

ಗಾಯಕ್ಕೆ ಸ್ಟೀರಾಯ್ಡ್ ಮುಲಾಮು, ಒಣಗಿದ್ದಕ್ಕೆ ಈಸ್ಟ್ರೋಜನ್ ಕ್ರೀಮು ಕೊಟ್ಟರು. ಕಸಿ ಮಾಡಿದ ಡಾಕ್ಟರರನ್ನು ವಿಚಾರಿಸಿದ ಮೇಲೆ ಹಾರ್ಮೋನ್ ಗುಳಿಗೆಯನ್ನೂ ಶುರು ಮಾಡಿದರು. ಸ್ತನದ ಕ್ಯಾನ್ಸರ್ ಆದವರಿಗೆ ಇಂಥ ಗುಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ರಕ್ತದ ಕ್ಯಾನ್ಸರಿನಿಂದ ಎಳೆ ವಯಸ್ಸಿನಲ್ಲೇ ಮುಟ್ಟು ನಿಂತವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಕೊಡುವುದುಂಟು. ಎಲುಬು ಸವೆಯದಂತೆಯೂ ಅದು ಕಾಯುತ್ತದೆ. ಯಾರಿಗೆ ಸರಿ, ಯಾರಿಗೆ ಸಲ್ಲದು ಎಂಬುದನ್ನು ಡಾಕ್ಟರೇ ಹೇಳಬೇಕು, ನಮ್ಮ ಕಥೆ ಓದಿ ಯಾರೂ ಅಂಗಡಿಗೆ ಹೋಗಬಾರದು. ಇದಲ್ಲದೆ ಡೈಲೇಟರ್ ಎಂಬ ನುಣುಪಾದ ಕೊಳವೆಗಳು, ಚಿಕ್ಕದರಿಂದ ದೊಡ್ಡದಕ್ಕೆ, ದಿನವೂ ಕೆಲವು ನಿಮಿಷ. ಮೊದಲ ದಿನ ಹೆಂಡತಿ ಅದನ್ನು ಸೀರೆಗಳ ಕೆಳಗೆ ಬಚ್ಚಿಟ್ಟಳು. ಮುರಿದ ಕೈಗೆ ವ್ಯಾಯಾಮ ಮಾಡಿಸುವುದಿಲ್ಲವೇ, ಇದೂ ಹಾಗೆಯೇ ಎಂದು ಡಾಕ್ಟರು ಗದರಿದ ಮೇಲೆ ಹೊರಗೆ ಬಂತು. ಕೊಬ್ಬರಿ ಎಣ್ಣೆಯೂ ಉಪಯೋಗಕ್ಕೆ ಬಂತು. ಮಲಗುವ ಕೋಣೆಯಲ್ಲಿ ಎಣ್ಣೆ ಬಾಟಲಿ ಯಾಕೆ ಎಂದು ಅತ್ತೆ ಕೇಳಿದ್ದಕ್ಕೆ ಮೊಣಕಾಲು ನೋವು ಎಂದೆವು. ಅಂದಿನಿಂದ ಅವರೂ ಅದೇ ಬಾಟಲಿಯಿಂದ ಮೊಣಕಾಲಿಗೆ ಹಚ್ಚಿಕೊಳ್ಳುತ್ತಾರೆ.

ಗುಣವಾಗಲು ತಿಂಗಳುಗಳೇ ಬೇಕಾದವು. ಆ ತಿಂಗಳುಗಳಲ್ಲಿ ಕೂಡುವ ಮಾತೇ ಬೇಡ, ಕೈ ಹಿಡಿದು ಮಲಗಿ, ತಲೆಗೆ ಎಣ್ಣೆ ಹಚ್ಚಿ, ಬೆನ್ನು ತಿಕ್ಕಿ ಎಂದು ಡಾಕ್ಟರು ಹೇಳಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷವಾದವರಿಗೆ ಇದು ಹೊಸ ಪಾಠವಾಯಿತು. ಹೆಂಡತಿಗೆ ಮೊದಲಿನಂತೆ ತಾನಾಗಿ ಆಸೆ ಹುಟ್ಟುವುದಿಲ್ಲ. ಹತ್ತಿರವಿದ್ದು, ಅಂಜಿಕೆ ಇಲ್ಲದಾಗ, ನಿಧಾನವಾಗಿ ಬರುತ್ತದೆ. ಕೆಲವು ದಿನ ಬರುವುದೇ ಇಲ್ಲ. ಆಯಾಸ ಈಗಲೂ ಇದೆ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯವನ್ನು ಗಂಡಸರು ತಮ್ಮ ಹಕ್ಕುಪತ್ರದಂತೆ ಎತ್ತಿ ಹೇಳುವುದನ್ನು ಕೇಳಿದ್ದೇವೆ. ಹೆಂಡತಿಯ ಮೈ ಗಂಡನದಾದಂತೆಯೇ ಗಂಡನ ಮೈ ಹೆಂಡತಿಯದು ಎಂದೂ, ಇಬ್ಬರೂ ಒಪ್ಪಿ ಕೆಲಕಾಲ ದೂರ ಇರಬಹುದು ಎಂದೂ ಅದೇ ಅಧ್ಯಾಯದಲ್ಲಿದೆ. ನಾವು ದೂರ ಇದ್ದದ್ದೇನೋ ನಿಜ, ಒಪ್ಪಿ ಇರಲಿಲ್ಲ. ನಮ್ಮ ಗುರುಗಳ ಹತ್ತಿರ ಇದನ್ನು ಹೇಳಿಕೊಂಡಾಗ ಅವರು ಉಪದೇಶ ಮಾಡಲಿಲ್ಲ, “ಔಷಧ ಬಿಡಬೇಡಿ” ಎಂದರು.

ನಲ್ಲಿಯ ಹತ್ತಿರ ಕೇಳಿದ ಆ ತಂಗಿಯ ಸ್ಥಿತಿ ನಮ್ಮದಕ್ಕಿಂತ ಬೇರೆ. ಗುಳಿಗೆಯಿಂದ ಹತೋಟಿಯಲ್ಲಿರುವ ಆ ಕಾಯಿಲೆಯಲ್ಲಿ ಅನೇಕರಿಗೆ ಮುಟ್ಟು ನಡೆದೇ ಇರುತ್ತದೆ, ಆದರೆ ಇಮಾಟಿನಿಬ್‌ನಂಥ ಗುಳಿಗೆ ನುಂಗುವಾಗ ಗರ್ಭ ನಿಂತರೆ ಮಗುವಿಗೆ ಅಪಾಯ. ಹಾಗೆಂದು ಗುಳಿಗೆಯನ್ನು ತಾವಾಗಿ ಬಿಟ್ಟರೆ ತಾಯಿಗೇ ಅಪಾಯ. ಮಗು ಬೇಕೆನ್ನುವವರು ಮೊದಲು ಡಾಕ್ಟರರ ಜೊತೆ ಕೂತು ಯೋಜನೆ ಮಾಡಬೇಕು. ಕಿಮೋ ನಡೆದಿರುವವರ ಮಾತು ಮತ್ತೆ ಬೇರೆ. ಔಷಧ ಹಾಕಿದ ಎರಡು ಮೂರು ದಿನ ಅದರ ಅಂಶ ಮೈಯ ದ್ರವಗಳಲ್ಲಿ ಇರುತ್ತದೆ, ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ರಕ್ತಸ್ರಾವದ ಭಯ, ಬಿಳಿಕಣ ಇಳಿದಿದ್ದರೆ ಸೋಂಕಿನ ಭಯ. ಆ ದಿನಗಳಲ್ಲಿ ದೂರ ಇರುವುದೇ ಒಳ್ಳೆಯದು. ಮುಟ್ಟು ಏರುಪೇರಾದಾಗ ದಿನಗಳನ್ನು ಎಣಿಸುವ ಸಹಜ ವಿಧಾನವನ್ನು ನಂಬುವಂತಿಲ್ಲ ಎಂಬುದನ್ನೂ ಹೇಳಲೇಬೇಕು. ಡಾಕ್ಟರರ ಎದುರಿಗೂ ದೇವರ ಎದುರಿಗೂ ಮನಸ್ಸಾಕ್ಷಿಯಿಂದ ಮಾತಾಡಿ ತೀರ್ಮಾನಿಸುವ ವಿಷಯ ಅದು. ಕ್ಯಾನ್ಸರ್ ಮಾತ್ರ ಕೂಡುವುದರಿಂದ ಗಂಡನಿಗೆ ಅಂಟುವುದಿಲ್ಲ. ಇದನ್ನು ಇನ್ನೂ ನಂಬದವರು ನಮ್ಮ ನೆಂಟರಲ್ಲೇ ಇದ್ದಾರೆ. ಕಸಿಯಾದ ಹೆಂಗಸರು ವರ್ಷಕ್ಕೊಮ್ಮೆ ಗರ್ಭಕಂಠದ ಪರೀಕ್ಷೆಯನ್ನೂ ಮಾಡಿಸಬೇಕಂತೆ, ಅಲ್ಲಿ ಹೊಸ ಕ್ಯಾನ್ಸರ್ ಹುಟ್ಟುವ ಭಯ ಅವರಿಗೆ ಉಳಿದವರಿಗಿಂತ ಹೆಚ್ಚು. ಹೆಂಡತಿ ಪ್ರತಿವರ್ಷ ಹಬ್ಬದ ಸಾಮಾನಿಗೆ ಕೊಲ್ಹಾಪುರಕ್ಕೆ ಹೋದಾಗ ಆ ಕೆಲಸವನ್ನೂ ಮುಗಿಸಿ ಬರುತ್ತಾಳೆ.

ಎರಡನೆಯ ಮಗುವಿನ ಮಾತು ನಾವು ಈಗ ಆಡುವುದಿಲ್ಲ. ಹೆಸರು ಇಟ್ಟಾಗಿತ್ತು, ಅಷ್ಟು ಹೇಳಿದರೆ ಸಾಕು.

ಕಳೆದ ಕ್ರಿಸ್ಮಸ್ಸಿಗೆ ತವರಿನಲ್ಲಿ ತಂಗಿ ಮಾಡಿದ ಕೆಂಪು ಖಾರದ ಚಟ್ನಿಯನ್ನು ಹೆಂಡತಿ ಬೆರಳ ತುದಿಯಷ್ಟು ರೊಟ್ಟಿಗೆ ಹಚ್ಚಿ ತಿಂದಳು. ಕಣ್ಣಲ್ಲಿ ನೀರು ಬಂತು, ಉಗುಳಲಿಲ್ಲ.

ರಾತ್ರಿ ಪಾಳಿ ಬೇಡ, ಹಗಲಿಗೆ ಹಾಕಿರಿ ಎಂದು ಗಂಡ ಮಾಲಕರನ್ನು ಕೇಳಿದ್ದು 2022ರ ಪಾಸ್ಕ ಹಬ್ಬದ ಮರುವಾರ. ಅವರಿಗೆ ಆಶ್ಚರ್ಯವಾಯಿತು. “ಯಾಕೋ, ಸಾಲ ತೀರಿತೇನು?”

“ಇಲ್ಲ್ರಿ. ಮನ್ಯಾಗ ಹೆಂಡತಿ ಒಬ್ಬಳ ಇರತಾಳ.”

“ನಿಮ್ಮವ್ವ ಇದ್ದಾಳಲ್ಲೋ?”

ಇದಕ್ಕೆ ಉತ್ತರ ಹೊಳೆಯದೆ ಗಂಡ ತಲೆ ಕೆರೆದುಕೊಂಡು ನಿಂತ. ಮಾಲಕರು ಒಂದು ಗಳಿಗೆ ಅವನ ಮುಖ ನೋಡಿದರು, ಆಮೇಲೆ ಏನೂ ಕೇಳದೆ ರಿಜಿಸ್ಟರ್ ಎಳೆದುಕೊಂಡು ಅವನ ಹೆಸರನ್ನು ಹಗಲಿನ ಪಟ್ಟಿಗೆ ಬರೆದುಕೊಂಡರು.